ಎಡಗಡೆಯ ಪೆಟ್ಟಿಗೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ನೆಂಟರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅರವತ್ತರ ದಶಕದ ನಡುವೆ ಒಂದು ವರ್ಷ ಆ ಸಿಟ್ಟೆಲ್ಲ ಒಂದು ಮರದ ಪೆಟ್ಟಿಗೆಯ ಮೇಲೆ ಹರಿಯಿತು. ನಮ್ಮ ಮನೆಯಲ್ಲಿ ಎರಡು ಸ್ಪೀಕರ್ ಪೆಟ್ಟಿಗೆಗಳಿದ್ದವು. ಬಲಗಡೆಯದು ಒಳ್ಳೆಯದು, ಎಡಗಡೆಯದು ಮೈಗಳ್ಳ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಒಮ್ಮೆ ತೀರ್ಮಾನ ಮಾಡಿದ ಮೇಲೆ ನನ್ನನ್ನು ಅಲ್ಲಾಡಿಸುವುದು ಕಷ್ಟ.

ಆಗ ನಾವಿದ್ದದ್ದು ಭದ್ರಾವತಿಯಲ್ಲಿ, ನ್ಯೂ ಟೌನಿನ ಅಂಚಿನ ಒಂದು ಬಾಡಿಗೆ ಮನೆಯಲ್ಲಿ. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಊರವರೆಲ್ಲ ದೊಡ್ಡ ಕಾರ್ಖಾನೆಗೆ ಹೋಗುತ್ತಿದ್ದರೆ ನಾನು ಹಾರೆ, ಗುದ್ದಲಿ, ಗಾಡಿಯ ಅಚ್ಚು ಬಡಿಯುವ ಒಂದು ಖಾಸಗಿ ಶಾಪಿಗೆ ಹೋಗುತ್ತಿದ್ದೆ. ಅಲ್ಲಿ ಆಳೆತ್ತರದ ಒಂದು ಯಂತ್ರದ ಸುತ್ತಿಗೆ ಇತ್ತು. ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಅದರ ಬಾಯಿಗೆ ಕೊಡುವುದು ನನ್ನ ಕೆಲಸ. ಸುತ್ತಿಗೆ ನನ್ನ ಎಡಗಡೆ, ಒಲೆ ಬಲಗಡೆ. ಹತ್ತು ವರ್ಷ ನಿಂತ ಜಾಗ ಬದಲಾಗಿರಲಿಲ್ಲ. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲ ಕೈಸನ್ನೆ.

ಮನೆಗೆ ಬಂದರೂ ಮಾತಿರಲಿಲ್ಲ. ಅದು ನನ್ನನ್ನು ಕೊರೆಯುತ್ತಿತ್ತು. ಹೆಂಡತಿ ಶಿವಮೊಗ್ಗದವಳು, ಟೀಚರ್ ಟ್ರೈನಿಂಗ್ ಮುಗಿಸಿದವಳು. ಹೆಣ್ಣು ನೋಡಲು ಹೋದ ದಿನ ಒಳಕೋಣೆಯಿಂದ ಅವಳ ಮಾತು, ನಗು ಕೇಳಿ, ಈ ಹುಡುಗಿ ಬಂದರೆ ಮನೆ ತುಂಬುತ್ತದೆ ಅಂದುಕೊಂಡಿದ್ದೆ. ಮದುವೆಯಾದ ಮೇಲೆ ಮೊದಲ ವರ್ಷ ಒಂದಿಷ್ಟು ಮಾತು ಕೇಳಿಸಿತು. ಆಮೇಲೆ ಕಡಿಮೆಯಾಯಿತು. ನಾಲ್ಕನೆಯ ವರ್ಷಕ್ಕೆ ಊಟಕ್ಕೆ ಬನ್ನಿ, ನೀರು ಬಂತು, ಇಷ್ಟೇ. ಒಟ್ಟಿಗೆ ಕೂತಾಗ, ಒಟ್ಟಿಗೆ ನಡೆಯುವಾಗ, ಒಂದು ಮಾತೂ ಇಲ್ಲ. ಬಾಯಿ ಮುಚ್ಚಿಕೊಂಡು ನನ್ನನ್ನು ಶಿಕ್ಷಿಸುತ್ತಿದ್ದಾಳೆ ಅಂತ ನನಗೆ ಒಳಗೊಳಗೇ ಉರಿ. ಕೇಳುವುದಕ್ಕೆ ಸ್ವಾಭಿಮಾನ ಬಿಡಲಿಲ್ಲ.

ಮನೆಯಲ್ಲಿ ಏನಾದರೂ ಸದ್ದಿರಲಿ ಅಂತಲೇ ನಾನು ಆ ಸೆಟ್ಟು ತಂದದ್ದು. ದೊಡ್ಡ ಕಾರ್ಖಾನೆಗೆ ಬಂದಿದ್ದ ಹೊರದೇಶದ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹೊರಟಾಗ ಸಾಮಾನು ಮಾರುತ್ತಿದ್ದ. ಒಂದು ರೆಕಾರ್ಡ್ ಪ್ಲೇಯರ್, ಅದಕ್ಕೆ ಎರಡು ಪೆಟ್ಟಿಗೆ. ಎರಡು ಯಾಕೆ ಅಂದೆ. ಅವನು ನನ್ನನ್ನು ನಡುವೆ ಕುರ್ಚಿಯಲ್ಲಿ ಕೂರಿಸಿ ಒಂದು ರೆಕಾರ್ಡ್ ಹಾಕಿದ. ರೈಲಿನ ಸದ್ದು. ಅದು ಒಂದು ಪೆಟ್ಟಿಗೆಯಿಂದ ಹೊರಟು ಕೋಣೆ ದಾಟಿ ಇನ್ನೊಂದು ಪೆಟ್ಟಿಗೆಗೆ ಹೋಗುತ್ತದೆಂದು ಕೈ ಬೀಸಿ ತೋರಿಸಿದ. ಆಮೇಲೆ ಇನ್ನೊಂದು ರೆಕಾರ್ಡ್. ಎಡಕ್ಕೆ ಪಿಟೀಲುಗಳು, ಬಲಕ್ಕೆ ನಗಾರಿ, ನಡುವೆ ಹಾಡುವ ಹೆಂಗಸು ಎಂದು ಬೆರಳಿಟ್ಟು ತೋರಿಸಿದ. ನನಗೆ ರೈಲು ಕೇಳಿಸಿತು, ಅದು ಕೋಣೆ ದಾಟಿದ್ದು ಕೇಳಿಸಲಿಲ್ಲ. ಪರದೇಶದವನ ಮುಂದೆ ಹಾಗಂತ ಹೇಳುವುದು ಹೇಗೆ? ಭೇಷ್ ಅನ್ನುವಂತೆ ತಲೆಯಾಡಿಸಿ ಸೆಟ್ಟು ಹೊರಿಸಿಕೊಂಡು ಬಂದೆ.

ಮನೆಯಲ್ಲಿಟ್ಟು ಕೇಳಿದರೂ ಅದೇ ಕತೆ. ಪಿಟೀಲು, ನಗಾರಿ, ಹೆಂಗಸು, ಎಲ್ಲರೂ ಬಲಗಡೆಯ ಪೆಟ್ಟಿಗೆಯೊಳಗೆ ಒತ್ತರಿಸಿಕೊಂಡು ಕೂತಿದ್ದರು. ಎಡಗಡೆಯದು ಕಂಬಳಿ ಹೊದ್ದು ಗುನುಗುತ್ತಿತ್ತು. ನಗಾರಿಯಂಥ ದಪ್ಪ ಸದ್ದು ಬಂದರೆ ಅಷ್ಟಿಷ್ಟು, ಪಿಟೀಲಿನ ಸಣ್ಣ ಸ್ವರವಂತೂ ಆ ಕಡೆಯಿಂದ ಸತ್ತೇ ಹೋಗಿತ್ತು. ಪೆಟ್ಟಿಗೆಗಳನ್ನು ಅದಲುಬದಲು ಮಾಡಿದೆ. ಎಡಕ್ಕೆ ಬಂದ ಪೆಟ್ಟಿಗೆ ಮೈಗಳ್ಳ ಆಯಿತು, ಬಲಕ್ಕೆ ಹೋದದ್ದು ಹಾಡತೊಡಗಿತು. ತಲೆ ಇರುವವನಿಗೆ ಅಷ್ಟು ಸಾಕಿತ್ತು. ನಾನು ಎಡಗಡೆಯ ಕಿಟಕಿಯನ್ನು ಹಿಡಿದುಕೊಂಡೆ. ಸ್ವರ ಅಲ್ಲಿಂದ ಹೊರಗೆ ಸೋರಿಹೋಗುತ್ತಿದೆ ಎಂದು ಗೋಣಿತಾಟು ಹೊಡೆದೆ. ಆಮೇಲೆ ಗೋಡೆಯನ್ನು ಬೈದೆ, ಆಮೇಲೆ ಮನೆ ಕಟ್ಟಿಸಿದವನನ್ನು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಶಾಪಿನಿಂದ ಬಂದು ಕಾಲು ತೊಳೆಯುವ ಮೊದಲೇ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದೆ.

ಕೊನೆಗೆ ಶಿವಮೊಗ್ಗಕ್ಕೆ ಹೋದೆ. ಗಾಂಧಿಬಜಾರಿನ ಒಂದು ಓಣಿಯಲ್ಲಿ ಒಬ್ಬ ಸಾಬರ ಅಂಗಡಿ. ಮದುವೆ ಮನೆಗಳಿಗೆ ಮೈಕ್ ಸೆಟ್ ಕೊಡುವುದು, ಹರಿದ ಸ್ಪೀಕರುಗಳಿಗೆ ಹೊಸ ಕಾಗದದ ಕೋನ್ ಅಂಟಿಸುವುದು ಅವರ ಕಸುಬು. ಅಂಗಡಿ ತುಂಬ ಕೋನುಗಳು, ಅಂಗೈಯಷ್ಟರಿಂದ ಹಿಡಿದು ಮೊರದಷ್ಟರವರೆಗೆ. ನಾನು ಎಡಗಡೆಯ ಪೆಟ್ಟಿಗೆಯಿಂದ ಬಿಚ್ಚಿ ತಂದ ಆರಿಂಚಿನ ಸ್ಪೀಕರನ್ನು ಮುಂದಿಟ್ಟು, ಇದಕ್ಕೆ ತಾಕತ್ತಿಲ್ಲ, ದೊಡ್ಡದು ಕೊಡಿ ಅಂದೆ.

ಸಾಬರು ಕೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. "ಇದು ಚೆನ್ನಾಗೇ ಇದೆಯಲ್ಲ ಮಾರಾಯ್ರೇ. ದೊಡ್ಡದಾದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಯಾರು ಹೇಳಿದ್ದು? ಚಿಕ್ಕ ಕೋನು ಸಣ್ಣ ಸ್ವರಾನ ಮನೆ ತುಂಬ ಚೆಲ್ಲುತ್ತೆ. ನೀವು ಎಲ್ಲಿ ಕೂತ್ರೂ ಮಜ್ಲಿಸ್ ಕಣ್ಣಿಗೆ ಕಟ್ಟುತ್ತೆ, ಇವನು ಇಲ್ಲಿ ಕೂತಿದ್ದಾನೆ, ಅವಳು ಅಲ್ಲಿ ಅಂತ. ಆದ್ರೆ ಆಳುಗಳು ಸ್ವಲ್ಪ ಕುಳ್ಳಗೆ. ಹನ್ನೆರಡಿಂಚಿಂದು ಹಾಕಿ, ಆಳು ಆಳಿನ ಎತ್ತರಕ್ಕೆ ನಿಲ್ತಾನೆ, ಮದ್ದಲೆ ಎದೆಗೆ ಬಡಿಯುತ್ತೆ. ಆದ್ರೆ ಸಣ್ಣ ಸ್ವರ ಟಾರ್ಚ್ ಬಿಟ್ಟ ಹಾಗೆ ನೆಟ್ಟಗೆ ಹೋಗುತ್ತೆ. ನಟ್ಟನಡುವೆ ಕೂತವನಿಗೆ ಮಾತ್ರ ಮಜ್ಲಿಸ್. ಒಂದು ಮೊಳ ಸರಿದ್ರೆ ಹೋಯ್ತು."

ಎರಡು ಪೆಟ್ಟಿಗೆಯ ನಡುವಿನ ಖಾಲಿ ಜಾಗದಲ್ಲಿ ಹಾಡುವವರು, ನುಡಿಸುವವರು ಬಂದು ಕೂತಂತಾಗುವುದಕ್ಕೆ ಅವರು ಮಜ್ಲಿಸ್ ಅನ್ನುತ್ತಿದ್ದರು. ಆ ಮಾತು ನನ್ನ ತಲೆ ಹೊಕ್ಕಿತು. ನನ್ನ ಮನೆಯಲ್ಲೂ ಮಜ್ಲಿಸ್ ಕೂರಬೇಕು. ಎಂಟಿಂಚಿನದೊಂದನ್ನು ಕೊಡಿ, ಎಡಗಡೆಗೆ ಹಾಕುತ್ತೇನೆ ಎಂದೆ.

"ಒಂದಾ? ಬಿಲ್ಕುಲ್ ಬೇಡ. ಎರಡೂ ಒಂದೇ ಅಳತೆ ಇರ್ಬೇಕು. ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ನಡೀತೀರಾ?"

ನನಗೆ ಬುದ್ಧಿ ಹೇಳುವವರೆಂದರೆ ಆಗುವುದಿಲ್ಲ. ಒಂದನ್ನೇ ತಂದು, ಬೇರೊಂದು ಖಾಲಿ ಪೆಟ್ಟಿಗೆಯ ಹಲಗೆ ಕೊರೆದು ಕೂರಿಸಿ ಎಡಕ್ಕೆ ಇಟ್ಟೆ, ಆರಿಂಚಿನದು ತನ್ನ ಪೆಟ್ಟಿಗೆಯಲ್ಲೇ ಮೂಲೆ ಸೇರಿತು. ಗುನುಗು ಸ್ವಲ್ಪ ದಪ್ಪವಾಯಿತು, ಅಷ್ಟೇ.

ಎಂಟಾದ ಮೇಲೆ ಹತ್ತು. ಅದನ್ನು ತರುವ ದಿನ ಹೆಂಡತಿಯೂ ಶಿವಮೊಗ್ಗಕ್ಕೆ ಬಂದಿದ್ದಳು. ಏನೋ ಕೆಲಸವಿದೆ ಅಂದಿದ್ದಳು, ಏನೆಂದು ನಾನು ಕೇಳಲಿಲ್ಲ. ಸಂಜೆ ಒಂದೇ ಬಸ್ಸಿನಲ್ಲಿ ವಾಪಸ್ಸು ಹೊರಟೆವು. ನಾನು ಬಲಗಡೆಯ ಸಾಲಿನಲ್ಲಿ ಕಿಟಕಿಗೆ, ಅವಳು ನನ್ನ ಎಡಕ್ಕೆ. ಅವಳ ಜಾಗ ಯಾವಾಗಲೂ ಅದೇ. ತಾಳಿ ಕಟ್ಟಿದ ಮೇಲೆ ಹಿರಿಯರು ಅವಳ ಭುಜ ಹಿಡಿದು, ಇನ್ನು ಮೇಲೆ ಗಂಡನ ಎಡಗಡೆ ನಿಲ್ಲಮ್ಮ ಎಂದು ಜಾಗ ಬದಲಿಸಿದ್ದರು. ಅವತ್ತಿನಿಂದ ನಡೆದರೆ ಎಡಕ್ಕೆ, ಕೂತರೆ ಎಡಕ್ಕೆ, ಮಲಗಿದರೂ ಎಡಕ್ಕೆ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ, ಅದರ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ.

ಹತ್ತಿಂಚಿನ ಸ್ಪೀಕರು ನನ್ನ ತೊಡೆಯ ಮೇಲಿತ್ತು. ಕಾಗದದ ಕೋನು, ಬಸ್ಸು ಎತ್ತಿಹಾಕಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಊರು ಅರ್ಧ ದಾರಿ ಇರುವಾಗ ನನ್ನ ತೋಳಿನ ಮೇಲೆ ಅವಳ ಕೈ ಬಿತ್ತು. ತಿರುಗಿ ನೋಡಿದೆ. ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು, ತುಟಿ ಆಗಷ್ಟೇ ಮುಚ್ಚಿತ್ತು.

"ಹುಷಾರು, ಕೋನು ಹರಿಯುತ್ತೆ," ಅಂದೆ.

ಅವಳು ಕೈ ತೆಗೆದಳು. ಮನೆ ತಲುಪುವವರೆಗೆ ಮುಂದಿನ ಸೀಟಿನ ಕಬ್ಬಿಣದ ಸರಳನ್ನೇ ಹಿಡಿದುಕೊಂಡಿದ್ದಳು.

ಅದಾಗಿ ಎರಡು ವಾರಕ್ಕೆ, ನಾನು ಹತ್ತಿಂಚಿನದನ್ನು ಬಿಚ್ಚಿ ಮತ್ತೆ ಕೂರಿಸುತ್ತಿದ್ದಾಗ, ಅವಳು ಬಂದು ಎದುರಿಗೆ ನಿಂತಳು.

"ಶಿವಮೊಗ್ಗದ ಸ್ಕೂಲಲ್ಲಿ ಕೆಲಸ ಸಿಕ್ಕಿದೆ. ಬರೋ ತಿಂಗಳು ಒಂದನೇ ತಾರೀಖಿಗೆ ಹೋಗ್ತೀನಿ. ಅಕ್ಕನ ಮನೇಲಿ ಇರ್ತೀನಿ."

"ವಾಪಸ್ಸು?"

"ಗೊತ್ತಿಲ್ಲ."

ಕೈಯಲ್ಲಿದ್ದ ಸ್ಕ್ರೂ ಎಲ್ಲೋ ಉರುಳಿತು. "ನನ್ನ ಒಂದು ಮಾತು ಕೇಳಬೇಕು ಅಂತ ಅನ್ನಿಸ್ಲಿಲ್ವಾ ನಿಂಗೆ?"

"ನಾಲ್ಕು ಸಲ ಕೇಳಿದೆ," ಅಂದಳು. "ನಾಲ್ಕು ಸಲಾನೂ ನೀವು ಬಾಯಿ ಬಿಡ್ಲಿಲ್ಲ. ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡೋದು?"

"ಸುಳ್ಳು ಹೇಳ್ಬೇಡ!" ಎಂದು ಕಿರುಚಿದೆ. ಕಿರುಚಿದ್ದಕ್ಕೆ ನನಗೆ ನಾಚಿಕೆಯೇನೂ ಆಗಲಿಲ್ಲ. ಇಷ್ಟು ದಿನ ತಾನು ಬಾಯಿ ಮುಚ್ಚಿಕೊಂಡಿದ್ದು ಈಗ ನನ್ನ ಮೇಲೆ ಎತ್ತಿಹಾಕುತ್ತಿದ್ದಾಳೆ ಅಂದುಕೊಂಡೆ. ಅವಳು ಒಳಗೆ ಹೋದಳು. ನಾನು ನೆಲದ ಮೇಲೆ ಸ್ಕ್ರೂ ಹುಡುಕುತ್ತಾ ಇದ್ದೆ. ಹೆದರಿಕೆಯಾಗಿತ್ತು. ಅವಳು ಹೋದರೆ ಬರುವುದಿಲ್ಲ ಎಂದು ಗೊತ್ತಾಗಿತ್ತು.

ಬುದ್ಧಿ ಇರುವವನಾಗಿದ್ದರೆ ಎದ್ದು ಹೋಗಿ ಅವಳನ್ನು ಮಾತಾಡಿಸುತ್ತಿದ್ದ. ನನ್ನ ತಲೆಗೆ ಹೊಳೆದದ್ದೇ ಬೇರೆ. ಒಂದನೇ ತಾರೀಖಿನ ಒಳಗೆ ಮಜ್ಲಿಸ್ ಕೂರಿಸಿಬಿಡಬೇಕು. ಅವಳನ್ನು ನಡುವೆ ಕುರ್ಚಿಯಲ್ಲಿ ಕೂರಿಸಿ ಹಾಡು ಕೇಳಿಸಿದರೆ, ಇವನು ಗೋಡೆಯಲ್ಲ, ಇಷ್ಟೆಲ್ಲ ನನಗಾಗಿ ಒದ್ದಾಡಿದ್ದಾನೆ ಎಂದು ಅವಳಿಗೆ ತಿಳಿಯುತ್ತದೆ. ಈಗ ಬರೆಯುವಾಗ ನಗು ಬರುತ್ತದೆ. ಆಗ ಅದೇ ನನ್ನ ಜೀವನದ ಕೊನೆಯ ದಾರಿ ಅನ್ನಿಸಿತ್ತು. ಹನ್ನೆರಡಿಂಚಿನದನ್ನು ತಂದೆ. ಬಡಗಿಯಿಂದ ಹಲಸಿನ ಹಲಗೆಯ ಹೊಸ ಪೆಟ್ಟಿಗೆ ಮಾಡಿಸಿದೆ. ಅದು ಪಡಸಾಲೆಯಲ್ಲಿ ಬೀರುವಿನ ಹಾಗೆ ನಿಂತಿತು. ಬಲಗಡೆ ಪುಟ್ಟ ಆರಿಂಚು, ಎಡಗಡೆ ಈ ದೈತ್ಯ. ರೆಕಾರ್ಡ್ ಹಾಕಿದರೆ ಕಿಟಕಿಯ ಗಾಜು ಗಡಗಡ ಅಂದಿತು. ಹಾಡುವ ಹೆಂಗಸು ಮಾತ್ರ ಬಲಗಡೆಯ ಪೆಟ್ಟಿಗೆಯಿಂದ ಏಳಲೇ ಇಲ್ಲ.

ಕೊನೆಯ ಭಾನುವಾರ ಬೆಳಗ್ಗೆ ಸಾಬರೇ ಮನೆಗೆ ಬಂದರು. ಎಂಟು, ಹತ್ತು, ಹನ್ನೆರಡು ಎಂದು ಒಂದೊಂದೇ ಕೊಂಡುಹೋಗುವ ಗಿರಾಕಿಯ ತಲೆ ಕೆಟ್ಟಿದೆಯೋ ಹೇಗೆ ನೋಡೋಣ ಅಂತ ಬಂದೆ ಅಂದರು. ದೈತ್ಯನನ್ನು ನೋಡಿ ಗಡ್ಡ ಕೆರೆದುಕೊಂಡರು. ನನ್ನನ್ನು ಕೇಳದೆ ಅದನ್ನು ಪಕ್ಕಕ್ಕೆ ತಳ್ಳಿ, ಹಳೆಯ ಆರಿಂಚಿನ ಪೆಟ್ಟಿಗೆಯನ್ನು ಮೂಲೆಯಿಂದ ತೆಗೆದು, ತಂತಿ ಸಿಕ್ಕಿಸಿ, ಎರಡನ್ನೂ ಸಮಸಮ ಇಟ್ಟರು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

"ಕೂತಿದೆಯಲ್ಲ ಮಾರಾಯ್ರೇ! ಮಜ್ಲಿಸ್ ಪಕ್ಕಾ ಕೂತಿದೆ."

ನಾನು ನಂಬಲಿಲ್ಲ. ಕಾಫಿ ತಂದ ಹೆಂಡತಿಯನ್ನು ಅವರು ಕುರ್ಚಿಗೆ ಕರೆದರು. ಅವಳು ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡು ಕೂತಳು. ಎದುರು ನಿಂತಿದ್ದ ನನಗೆ ಅವಳ ಮುಖ ಬದಲಾದದ್ದು ಕಾಣಿಸಿತು.

"ಪಿಟೀಲಿನವರು ಇಲ್ಲಿ," ಎಂದು ಎಡಗೈ ತೋರಿಸಿದಳು. "ನಾಲ್ಕೈದು ಜನ ಇದ್ದಾರೆ, ಒತ್ತಾಗಿ ಕೂತಿದ್ದಾರೆ. ನಗಾರಿ ಅಲ್ಲಿ, ಆ ಕಡೆ. ಹಾಡೋಳು ನಡುವೆ, ಒಂಚೂರು ಹಿಂದೆ. ಅಯ್ಯೋ, ಅಲ್ಲೇ ನಿಂತಿದ್ದಾಳಲ್ರೀ, ಕ್ಯಾಲೆಂಡರ್ ಹತ್ರ!"

ಒಂದೇ ಉಸಿರಿಗೆ ಅಷ್ಟು ಮಾತು ಅವಳ ಬಾಯಿಂದ ಕೇಳಿ ವರ್ಷಗಳಾಗಿದ್ದವು. ಸಂತೋಷಪಡುವುದು ಬಿಟ್ಟು ನನಗೆ ರೇಗಿತು. ಇಬ್ಬರೂ ಸೇರಿ ನನ್ನನ್ನು ಮಂಗ ಮಾಡುತ್ತಿದ್ದೀರಾ ಎಂದು ಕೂಗಾಡಿದೆ. ಅವಳ ಮುಖ ಮೊದಲಿನಂತೆಯೇ ಆಯಿತು. ಲೋಟ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ನಾನು ಕುರ್ಚಿಗೆ ಬಿದ್ದೆ. ಮತ್ತದೇ, ಎಡಗಡೆ ಕಂಬಳಿ. ಎದ್ದೆ. ಈ ಸುಡುಗಾಡು ಪೆಟ್ಟಿಗೆಗಳ ಮುಖವನ್ನೇ ನೋಡುವುದಿಲ್ಲ ಎಂದು ಕುರ್ಚಿಯನ್ನು ಎತ್ತಿ ಕುಕ್ಕಿ, ಅವುಗಳಿಗೆ ಬೆನ್ನು ಹಾಕಿ ಕೂತುಬಿಟ್ಟೆ.

ಪಿಟೀಲುಗಳು ಥಟ್ಟನೆ ಹೊಳೆದವು.

ವರ್ಷವಿಡೀ ಸತ್ತು ಬಿದ್ದಿದ್ದ ಪಿಟೀಲು, ಗೋಣಿತಾಟಿನ ಕಿಟಕಿಯ ಪಕ್ಕದ ಆ ಮೈಗಳ್ಳ ಪೆಟ್ಟಿಗೆಯಿಂದ ಎಳೆ ಎಳೆಯಾಗಿ ಬರುತ್ತಿತ್ತು. ಒಳ್ಳೆಯದು ಎಂದು ನಾನು ಹೊಗಳುತ್ತಿದ್ದ ಪೆಟ್ಟಿಗೆ ಮಂಕಾಗಿತ್ತು. ಪೆಟ್ಟಿಗೆಗಳನ್ನು ಯಾರೂ ಮುಟ್ಟಿರಲಿಲ್ಲ. ಕಿಟಕಿ ಅಲ್ಲೇ, ಗೋಡೆ ಅಲ್ಲೇ. ತಿರುಗಿದವನು ನಾನೊಬ್ಬನೇ.

ಅಂಗೈಯಿಂದ ಎಡಗಿವಿ ಮುಚ್ಚಿದೆ. ಏನೂ ಬದಲಾಗಲಿಲ್ಲ. ಬಲಗಿವಿಯನ್ನು ಬಿಗಿಯಾಗಿ ಒತ್ತಿ ಮುಚ್ಚಿ ಪೆಟ್ಟಿಗೆಗಳ ಕಡೆ ತಿರುಗಿದೆ. ರೆಕಾರ್ಡ್ ತಿರುಗುತ್ತಿತ್ತು, ಮುಳ್ಳು ಅದರ ಮೇಲಿತ್ತು, ಸಾಬರ ಬಾಯಿ ಅಲ್ಲಾಡುತ್ತಿತ್ತು. ಅವರೇನು ಹೇಳುತ್ತಿದ್ದಾರೆಂದು ತಿಳಿಯಲಿಲ್ಲ. ಎಲ್ಲವೂ ತುಂಬಾ ದೂರದಲ್ಲಿತ್ತು. ಎರಡು ಸಲ, ಮೂರು ಸಲ ಹಾಗೆ ಮಾಡಿದೆ. ಸಾಬರು ಪ್ಲೇಯರ್ ನಿಲ್ಲಿಸಿ ನನ್ನ ಭುಜದ ಮೇಲೆ ಕೈಯಿಟ್ಟರು. ಹೋಗುವಾಗ ಹನ್ನೆರಡಿಂಚಿನದನ್ನು ತಾವೇ ಬಿಚ್ಚಿ ಬಗಲಲ್ಲಿಟ್ಟುಕೊಂಡು ಹೋದರು.

ನನಗೆ ಮೊದಲು ನೆನಪಾದದ್ದು ಹತ್ತು ವರ್ಷ ಆ ಎಡಗಿವಿಯ ಪಕ್ಕ ಬಡಿದ ಸುತ್ತಿಗೆಯಲ್ಲ, ಬಸ್ಸು. ತೋಳಿನ ಮೇಲೆ ಬಿದ್ದ ಕೈ. ಆಮೇಲೆ ಒಂದೊಂದೇ. ಸಂಜೆ ಭದ್ರಾ ಸೇತುವೆಯ ಮೇಲೆ ಒಟ್ಟಿಗೆ ನಡೆಯುತ್ತಿದ್ದಾಗ ಅವಳು ಥಟ್ಟನೆ ಹಿಂದುಳಿದುಬಿಡುತ್ತಿದ್ದದ್ದು. ಊಟಕ್ಕೆ ಪಕ್ಕದಲ್ಲಿ ಕೂತವಳು ಅರ್ಧಕ್ಕೆ ಎದ್ದು ಹೋಗುತ್ತಿದ್ದದ್ದು. ನಾಲ್ಕು ವರ್ಷ ಅವಳು ಮಾತಾಡಿದ್ದಾಳೆ. ನಾನು ಅವಳನ್ನು ಮೂಗಿ ಎಂದು ದೂರಿದ್ದೇನೆ. ಮಾತಾಡಿ ಸೋತವಳ ಎದುರಿಗೆ ಎರಡು ಪೆಟ್ಟಿಗೆ ತಂದಿಟ್ಟು ಸದ್ದು ಮಾಡಿದ್ದೇನೆ.

ಆದರೂ ಆ ವಾರ ನಾನು ಅವಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಉಳಿಯಬಹುದು, ಆದರೆ ಕಿವುಡನೆಂಬ ಕನಿಕರಕ್ಕೆ ಉಳಿಯುತ್ತಾಳೆ ಅನ್ನುವ ಸ್ವಾಭಿಮಾನ ಒಂದು ಕಡೆ. ಶಾಪಿನಲ್ಲಿ ಗೊತ್ತಾದರೆ ಕೆಲಸ ಹೋಗುತ್ತದೆ ಅನ್ನುವ ದಿಗಿಲು ಇನ್ನೊಂದು ಕಡೆ. ಅಡಿಗೆಮನೆಯ ಬಾಗಿಲವರೆಗೆ ಹೋಗುತ್ತಿದ್ದೆ, ವಾಪಸ್ಸು ಬರುತ್ತಿದ್ದೆ. ಬಚ್ಚಲಿಗೆ ಹೋಗಿ ಬಲಗಿವಿ ಮುಚ್ಚಿ ಚೊಂಬು ಬಡಿದು ನೋಡುತ್ತಿದ್ದೆ. ಇವನಿಗೇನಾಗಿದೆ ಎಂಬಂತೆ ಅವಳು ನೋಡುತ್ತಿದ್ದಳು, ಕೇಳುತ್ತಿರಲಿಲ್ಲ. ಕೇಳಿ ಸಾಕಾಗಿತ್ತಲ್ಲ.

ಒಂದನೇ ತಾರೀಖು ಬೆಳಗಿನ ರೈಲಿಗೆ ಹೊರಟೆವು. ಟ್ರಂಕು ನನ್ನ ತಲೆಯ ಮೇಲೆ. ಅವಳು ರೂಢಿಯಂತೆ ಎಡಕ್ಕೆ ಬಂದಳು. ನಾನು ಅವಳನ್ನು ಸುತ್ತಿ ಆ ಕಡೆಗೆ ಹೋದೆ. ಅವಳು ಮತ್ತೆ ಎಡಕ್ಕೆ ಬಂದಳು. ನಾನು ಮತ್ತೆ ಸುತ್ತಿದೆ. ಸ್ಟೇಷನ್ ರಸ್ತೆಯ ತುಂಬ ಹೀಗೆ ಒಬ್ಬರನ್ನೊಬ್ಬರು ಸುತ್ತುತ್ತಾ ಹೋದೆವು. ಟೀ ಅಂಗಡಿಯವನು ನಮ್ಮನ್ನು ನೋಡಿ ನಕ್ಕ.

"ಏನ್ರೀ ಇದು, ಜನ ನೋಡ್ತಿದ್ದಾರೆ," ಅಂದಳು.

"ನೋಡಲಿ. ನೀನು ಈ ಕಡೆ ಇರು. ನನಗೆ ಆ ಕಡೆ ಕಿವಿ ಕೇಳಿಸಲ್ಲ."

ಪ್ಲಾಟ್‌ಫಾರಮ್ಮಿನಲ್ಲಿ ಟ್ರಂಕು ಇಳಿಸಿ ಉಳಿದದ್ದನ್ನು ಹೇಳಿದೆ. ಪೆಟ್ಟಿಗೆ, ಕುರ್ಚಿ, ಪಿಟೀಲು, ಸುತ್ತಿಗೆ, ಎಲ್ಲ ಕಲಸುಮೇಲೋಗರ. ಅವಳು ನನ್ನ ಎಡಗಿವಿಯನ್ನೇ ನೋಡುತ್ತಿದ್ದಳು. ಹೊರಗಿನಿಂದ ಅದರಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅವಳ ಕಣ್ಣು ತುಂಬಿತು, ಆಮೇಲೆ ಅದೇ ಕಣ್ಣಲ್ಲಿ ಸಿಟ್ಟು ಬಂತು. "ಒಂದು ಸಲ ಯಾಕೆ ಮಾತಾಡಲ್ಲ ಅಂತ ನನ್ನ ಕೇಳೋಕೇನಾಗಿತ್ತು ನಿಮಗೆ?" ಅಂದಳು.

ರೈಲು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಬಲಗಿವಿಯನ್ನು ಸರಳುಗಳಿಗೆ ಆನಿಸಿದೆ.

"ನಾನು ಕೆಲಸಕ್ಕೆ ಹೋಗ್ಲಾ?" ಎಂದು ಕೇಳಿದಳು. ಐದನೆಯ ಸಲ.

"ಹೋಗು. ಶನಿವಾರ ಬಾ."

"ಬರ್ತೀನಿ."

"ಅವತ್ತು ಬಸ್ಸಲ್ಲೂ ಇದನ್ನೇ ಕೇಳಿದ್ದಾ?"

"ಇಲ್ಲ. ಅದು ಬೇರೆ."

"ಏನು? ಈಗ ಹೇಳು, ಕೇಳಿಸುತ್ತೆ."

"ಈಗ ಹೇಳೋ ಮಾತಲ್ಲ ಅದು. ಅವತ್ತೇ ಹೇಳೋ ಮಾತಾಗಿತ್ತು," ಅಂದಳು. ರೈಲು ಹೊರಟಿತು.

ಅವಳು ಆ ಶನಿವಾರ ಬಂದಳು, ಪ್ರತಿ ಶನಿವಾರವೂ ಬಂದಳು, ಎರಡು ವರ್ಷದ ನಂತರ ಭದ್ರಾವತಿಗೇ ವರ್ಗ ಮಾಡಿಸಿಕೊಂಡು ಬಂದಳು. ಅವತ್ತಿನಿಂದ ಅವಳು ನನ್ನ ಬಲಗಡೆ. ಮದುವೆ ಮುಂಜಿಗಳಲ್ಲಿ ಹಿರಿಯರು ಗೊಣಗಿದರೆ ನಾನೇ ಜಗಳಕ್ಕೆ ನಿಂತಿದ್ದೇನೆ. ಆರಿಂಚಿನ ಆ ಜೋಡಿ ಪೆಟ್ಟಿಗೆಗಳು ಇನ್ನೂ ಇವೆ. ಅವಳು ನಡುವೆ ಕುರ್ಚಿಯಲ್ಲಿ ಕೂತು, ಯಾರು ಎಲ್ಲಿ ನಿಂತಿದ್ದಾರೆಂದು ನನಗೆ ಹೇಳುತ್ತಾಳೆ. ಬಾಯಿ ಬಿಟ್ಟರೆ ನಿಲ್ಲಿಸುವುದಿಲ್ಲ.

ಬಸ್ಸಿನ ಮಾತನ್ನು ಮಾತ್ರ ಹೇಳಿಲ್ಲ. ಬೇಡಿದ್ದೇನೆ, ರೇಗಿದ್ದೇನೆ, ಒಂದೆರಡು ಸಲ ಅತ್ತೂ ಇದ್ದೇನೆ. ಹೋದ ವಾರ ಮತ್ತೆ ಕೇಳಿದೆ. ಅವಳು ಎದ್ದು ಬಂದು, ಅಷ್ಟು ವರ್ಷದ ಮೇಲೆ ಮೊದಲ ಸಲ ನನ್ನ ಎಡಗಡೆ ಕೂತಳು. ತೋಳಿನ ಮೇಲೆ ಅವಳ ಕೈ ಬಿತ್ತು. ತಿರುಗಿ ನೋಡುವಷ್ಟರಲ್ಲಿ ಅವಳ ತುಟಿ ಮುಚ್ಚಿತ್ತು.